ಜೀವ ಉಳಿದ ಮೇಲೆ

ನಮ್ಮ ಸೋದರಮಾವನ ಆಸ್ಪತ್ರೆಯ ಬಿಡುಗಡೆ ಚೀಟಿ ಈಗಲೂ ಅತ್ತಿಯ ಟ್ರಂಕಿನಲ್ಲಿದೆ. ಸ್ಕ್ಯಾನಿಂಗು, ಆಪರೇಷನ್ನು, ಗುಳಿಗೆಗಳ ವಿವರದಿಂದ ತುಂಬಿದ ನಾಲ್ಕು ಹಾಳೆಗಳವು. ಕಟ್ಟಕಡೆಗೆ ಒಂದೇ ಸಾಲು: ‘ಫಿಜಿಯೋಥೆರಪಿ ಮುಂದುವರಿಸುವುದು’. ಎಲ್ಲಿ, ಯಾರ ಹತ್ತಿರ, ಎಷ್ಟು ದಿನ ಎಂಬುದು ಅದರಲ್ಲಿಲ್ಲ.

ರಾಮಥಾಳದಿಂದ ಇಳಕಲ್ಲಿಗೆ ಮಗ್ಗದ ಕೆಲಸಕ್ಕೆ ಹೋಗಿ ಬರುತ್ತಿದ್ದ ಮಾವ ಒಂದು ಸಂಜೆ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ. ಹೆಲ್ಮೆಟ್ ಇರಲಿಲ್ಲ. ಮೂರು ವಾರದ ಮೇಲೆ ನಡೆದುಕೊಂಡೇ ಮನೆಗೆ ಬಂದಾಗ ಊರಿನವರು ಗಂಡಾಂತರ ಕಳೆಯಿತು ಎಂದರು. ಆದರೆ ಬಂದವನು ಬೇರೆಯೇ ಮನುಷ್ಯ. ಉಂಡಿದ್ದನ್ನು ಮರೆತು ಮತ್ತೆ ಊಟ ಕೇಳುತ್ತಿದ್ದ. ಎಂದೂ ದನಿ ಏರಿಸದವನು ಮಕ್ಕಳ ಮೇಲೆ ತಟ್ಟೆ ಎಸೆಯುತ್ತಿದ್ದ. ‘ತಲೆ ಕೆಟ್ಟೈತಿ’ ಎಂದು ಊರು ತೀರ್ಪು ಕೊಟ್ಟಿತು. ಅತ್ತಿ ನನ್ನನ್ನು ಕೇಳಿದಳು: “ಜೀವ ಉಳಿಸಿ ಕಳಿಸ್ಯಾರ. ಇನ್ನ ಮುಂದಿಂದು ಯಾರು ಹೇಳಿಕೊಡ್ತಾರ, ತಮ್ಮಾ?”

ಇತಿಹಾಸದ ವಿದ್ಯಾರ್ಥಿಯಾದ ನನಗೆ ಆಗ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ತಿಳಿದದ್ದು, ಈ ಪ್ರಶ್ನೆಗೆ ನೂರು ವರ್ಷಗಳ ಹಿಂದೆಯೇ ಉತ್ತರ ಹುಡುಕಿದ್ದರು ಎಂಬುದು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕುರ್ಟ್ ಗೋಲ್ಡ್‌ಸ್ಟೈನ್ ಎಂಬ ವೈದ್ಯ ಮೆದುಳಿಗೆ ಗಾಯವಾದ ಸೈನಿಕರಿಗಾಗಿ ಒಂದು ಸಂಸ್ಥೆ ನಡೆಸಿದ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ ಉರಾಲ್ ಪ್ರಾಂತದಲ್ಲಿ ಅಂಥದೇ ಆಸ್ಪತ್ರೆ ಕಟ್ಟಿದ. 1943ರಲ್ಲಿ ತಲೆಗೆ ಗುಂಡೇಟು ಬಿದ್ದ ಝಸೆಟ್ಸ್ಕಿ ಎಂಬ ಸೈನಿಕನಿಗೆ ಓದು ಬರಹ ಮರೆತೇ ಹೋಗಿತ್ತು. ಒಂದೊಂದೇ ಅಕ್ಷರ ನೆನೆದು ಬರೆಯಲು ಹೋದರೆ ಆಗುತ್ತಿರಲಿಲ್ಲ. ಕೈ ಎತ್ತದೆ ಒಂದೇ ಓಟದಲ್ಲಿ ಬರೆದರೆ ಪದ ಮೂಡುತ್ತಿತ್ತು. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ಮುಂದೆ ಇಪ್ಪತ್ತೈದು ವರ್ಷ ಅವನು ತನ್ನ ಕಥೆಯನ್ನು ಬರೆಯುತ್ತಲೇ ಇದ್ದ. ಉಳಿದಿರುವುದನ್ನು ಹಿಡಿದು ಕಳೆದುಹೋದದ್ದರ ಕಡೆಗೆ ದಾರಿ ಮಾಡುವುದೇ ಪುನರ್ವಸತಿ ಎಂದು ನನಗೆ ಹೊಳೆದದ್ದು ಇದನ್ನು ಓದಿದಾಗ.

ನಮ್ಮ ಸೀಮೆಯ ಕಥೆ ಬೇರೆ ದಾರಿ ಹಿಡಿಯಿತು. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. ಅದು ಹುಟ್ಟಿದ ಕಾಲದಲ್ಲಿ ಇಂಥ ಆಸ್ಪತ್ರೆಗಳ ಮುಖ್ಯ ಕೆಲಸ ಕೂಡಿಹಾಕುವುದೇ ಆಗಿತ್ತು. ಅದು ಡಿಮ್ಹಾನ್ಸ್ ಆದದ್ದು 2009ರಲ್ಲಿ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೂ ಪಕ್ಕದ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆಯಿತು. ಮೆದುಳಿನ ಶಸ್ತ್ರವೈದ್ಯರು, ಮನೋವಿಜ್ಞಾನಿಗಳು, ನಡೆಯಲು ಮಾತಾಡಲು ಕಲಿಸುವವರು ಅಲ್ಲಿ ಒಂದೇ ಆವರಣದಲ್ಲಿ ಸಿಗುತ್ತಾರೆ. ಆದರೆ ಹುನಗುಂದದಿಂದ ಅದು ನಾನೂರು ಕಿಲೋಮೀಟರಿಗೂ ದೂರ. ವಾರಕ್ಕೆರಡು ಸಲ, ತಿಂಗಳುಗಟ್ಟಲೆ ನಡೆಯಬೇಕಾದ ತರಬೇತಿಗೆ ಕೂಲಿ ಬಿಟ್ಟು ಅಷ್ಟು ದೂರ ಹೋಗುವವರು ಯಾರು?

ಜೀವ ಉಳಿಸುವ ವ್ಯವಸ್ಥೆ ಮಾತ್ರ ಈಚೆಗೆ ಬಹಳ ಹತ್ತಿರ ಬಂದಿದೆ. 2008ರ ನವೆಂಬರ್ 1ರಂದು 108 ಆಂಬುಲೆನ್ಸ್ ಶುರುವಾಯಿತು. 2016ರಲ್ಲಿ ಬೆಂಗಳೂರಿನ ಹತ್ತಿರ ಅಪಘಾತದಲ್ಲಿ ಸಾಯುತ್ತಾ ಅಂಗಾಂಗ ದಾನಕ್ಕೆ ಕೇಳಿಕೊಂಡ ಹರೀಶ್ ಎಂಬ ತರುಣನ ಹೆಸರಿನಲ್ಲಿ ಸರ್ಕಾರ ‘ಸಾಂತ್ವನ ಹರೀಶ್’ ಯೋಜನೆ ತಂದಿತು: ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆ, 25 ಸಾವಿರ ರೂಪಾಯಿವರೆಗೆ ಚಿಕಿತ್ಸೆ. ದೊಡ್ಡ ಮಾತೇ ಸರಿ. ಆದರೆ ಅತ್ತಿಯ ಪ್ರಶ್ನೆ ಶುರುವಾಗುವುದು ನಲವತ್ತೊಂಬತ್ತನೆಯ ಗಂಟೆಯಿಂದ.

ಕಾನೂನಿನಲ್ಲೂ ಅದೇ ಸಂದಿ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಪಾರ್ಕಿನ್ಸನ್ ಇದೆ, ಆಸಿಡ್ ದಾಳಿಗೆ ತುತ್ತಾದವರೂ ಇದ್ದಾರೆ. ತಲೆಪೆಟ್ಟಿನಿಂದಾದ ಮೆದುಳಿನ ಗಾಯಕ್ಕೆ ಮಾತ್ರ ತನ್ನದೇ ಹೆಸರಿಲ್ಲ. ಕಾಲು ಎಳೆಯುತ್ತಿದ್ದರೆ ಚಲನವೈಕಲ್ಯ, ಮಾತು ಹೋಗಿದ್ದರೆ ವಾಕ್ ವೈಕಲ್ಯ ಎಂದು ಬರೆಯಬಹುದು. ಮಾವನಿಗೆ ಕೈಕಾಲು ಗಟ್ಟಿ, ಮಾತು ಸರಾಗ. ನೆನಪು ಮತ್ತು ತಾಳ್ಮೆ ಹೋಗಿವೆ. ಅರ್ಜಿಯ ಯಾವ ಮನೆಯಲ್ಲಿ ಗುರುತು ಹಾಕಬೇಕೆಂದು ಕೇಳಿದಾಗ ಕೌಂಟರಿನಲ್ಲಿದ್ದವರು, “ನೋಡಾಕ ಛಲೋ ಅದಾನಲ್ಲ” ಎಂದರು.

ಆದರೂ ಪುನರ್ವಸತಿಯ ಕೆಲಸವೆಲ್ಲ ದೊಡ್ಡ ಕಟ್ಟಡದಲ್ಲೇ ಆಗಬೇಕಿಲ್ಲ. 1978ರ ಅಲ್ಮಾ ಆಟಾ ಘೋಷಣೆಯ ನಂತರ ವಿಶ್ವ ಆರೋಗ್ಯ ಸಂಸ್ಥೆ ಬೆಳೆಸಿದ ಸಮುದಾಯ ಆಧಾರಿತ ಪುನರ್ವಸತಿಯ ಕಲ್ಪನೆಯ ತಿರುಳೇ ಅದು: ತರಬೇತಿ ರೋಗಿಯ ಹೊಸ್ತಿಲಿಗೆ ಬರಬೇಕು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. 2022ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಮೊದಲು ಕಾಲಿಟ್ಟದ್ದು ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ. ಮೂರೂ ನಿಮ್ಹಾನ್ಸ್‌ಗೆ ಹತ್ತಿರದ ಊರುಗಳೇ.

ನಿಮ್ಹಾನ್ಸ್‌ನ ಮನೋವಿಜ್ಞಾನಿಗಳು ಗಮನಶಕ್ತಿ ಮರಳಿಸಲು ಬಳಸಿದ ಅಭ್ಯಾಸಗಳಲ್ಲಿ ಒಂದು, ಬೆರೆಸಿಟ್ಟ ಕಾಳುಗಳನ್ನು ಬೇರೆ ಬೇರೆ ಮಾಡುವುದು. ಇದನ್ನು ಓದಿ ನಾನು ನಕ್ಕುಬಿಟ್ಟೆ, ಆಮೇಲೆ ಸಂಕಟವಾಯಿತು. ಜೋಳ, ಕಡಲೆ, ಹೆಸರು ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ? ಮೊರ ಯಾರ ಮನೆಯಲ್ಲಿಲ್ಲ? ಇದ್ದದ್ದು ಎಲ್ಲವೂ. ಇರಲಿಲ್ಲದ್ದು ಹೇಳುವವರು ಮಾತ್ರ. ಅದಕ್ಕೆ ಎರಡು ವರ್ಷ ಕಳೆಯಿತು.

ಪರಿಚಯದ ಮನಶ್ಶಾಸ್ತ್ರಜ್ಞೆಯೊಬ್ಬರು ಫೋನಿನಲ್ಲಿ ಹೇಳಿಕೊಟ್ಟಂತೆ ಈಗ ಅತ್ತಿ ದಿನಾ ಬೆಳಿಗ್ಗೆ ಮೊರದಲ್ಲಿ ಕಾಳು ಬೆರೆಸಿ ಮಾವನ ಮುಂದಿಡುತ್ತಾಳೆ. ಇಳಕಲ್ಲಿನ ಹಳೆಯ ಮಾಲೀಕರು ಒಂದು ದಿನ ಅವನನ್ನು ಮಗ್ಗದ ಕುಣಿಯಲ್ಲಿ ಕೂರಿಸಿದರು. ಲಾಳಿ ಸಲೀಸಾಗಿ ಓಡಿತು, ಕಾಲು ತಪ್ಪಲಿಲ್ಲ. ದಡಿಯ ಎಣಿಕೆ ಮಾತ್ರ ಹತ್ತಾರು ಸಲ ತಪ್ಪಿತು. ಅವನು ಸಿಟ್ಟಾಗದೆ ಮತ್ತೆ ಮೊದಲಿಂದ ಎಣಿಸಿದ.

ಆ ಬಿಡುಗಡೆ ಚೀಟಿಯ ಹಿಂಬದಿ ಖಾಲಿಯಿತ್ತು. ಅತ್ತಿ ಈಗ ಅಲ್ಲಿ ದಿನವೂ ಬರೆಯುತ್ತಾಳೆ: ಕಾಳು ಬೇರೆ ಮಾಡಲು ಹಿಡಿದ ನಿಮಿಷ, ಆದ ತಪ್ಪು.