ಗೌಡನಿಗೆ ಹೆಸರಿಲ್ಲದ ನಾಟಕ

ಗಣಪತಿಯ ಸ್ತುತಿಯಾಗದೆ ಬಯಲಾಟ ಶುರುವಾಗುವುದಿಲ್ಲ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕದ ಸೂತ್ರಧಾರ ಮಾತ್ರ ಗಣಪನನ್ನು ಬಿಟ್ಟು ಜೋಕುಮಾರನ ಪೂಜೆಗೆ ನಿಲ್ಲುತ್ತಾನೆ. ಹಿಮ್ಮೇಳ ತಕರಾರು ತೆಗೆಯುತ್ತದೆ.

ಈ ತಕರಾರಿನ ಬೇರು ಉತ್ತರ ಕರ್ನಾಟಕದ ಭಾದ್ರಪದದಲ್ಲಿದೆ. ಚೌತಿಗೆ ಬಂದ ಗಣಪ ಕಡುಬು ಉಂಡು ಹೋಗುತ್ತಾನೆ, ಅವನ ಬೆನ್ನಿಗೇ ಜೋಕುಮಾರ ಹುಟ್ಟುತ್ತಾನೆ. ಹೆಚ್ಚಾಗಿ ಅಂಬಿಗರ ಮನೆಯ ಹೆಣ್ಣುಮಕ್ಕಳು ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂರಿಸಿ, ಬಾಯಿಗೆ ಬೆಣ್ಣೆ ಮೆತ್ತಿ, ತಲೆಮೇಲೆ ಹೊತ್ತು ಮನೆಮನೆಗೆ ಹೋಗಿ ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ ತಂದು ನೀಡುತ್ತಾರೆ. ಭೂಲೋಕದಲ್ಲಿ ಎಲ್ಲ ಸೊಗಸಾಗಿದೆ ಎಂದು ಗಣಪ ತಾಯಿತಂದೆಗೆ ವರದಿ ಒಪ್ಪಿಸಿದನಂತೆ. ಬಾಡಿದ ಬೆಳೆ ಕಂಡು ನಿಜ ಹೇಳಿ ಮಳೆ ತರಿಸಿದವನು ಜೋಕುಮಾರನಂತೆ. ಇಷ್ಟು ಮಾಡಿದವನಿಗೆ ಆಯಸ್ಸು ಏಳೇ ದಿನ. ಹೆಣ್ಣಿನ ಆಸೆಗೆ ಬಿದ್ದು ಹುಣ್ಣಿಮೆಯ ಹೊತ್ತಿಗೆ ಅಗಸರ ಕೈಯಲ್ಲಿ ಸಾಯುತ್ತಾನೆ.

ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಕಂಬಾರರಿಗೆ ಈ ಹಾಡುಗಳನ್ನು ಹುಡುಕಿಕೊಂಡು ಹೋಗುವ ಕೆಲಸವಿರಲಿಲ್ಲ. ಅವರು ಇಡೀ ಆಚರಣೆಯನ್ನು ಒಂದು ಪಡವಲಕಾಯಿಯೊಳಗೆ ತುಂಬಿದರು. ಮಕ್ಕಳಿಲ್ಲದ ಗೌಡತಿ ಅದನ್ನೇ ಜೋಕುಮಾರನೆಂದು ಪೂಜಿಸಿ, ಪಲ್ಯ ಮಾಡಿ ಗಂಡನಿಗೆ ಉಣಿಸಲು ಹೊರಡುತ್ತಾಳೆ. ಆದರೆ ಪಲ್ಯ ಉಂಡವನು ಹೊಲದಲ್ಲಿದ್ದ ರೈತ ಬಸಣ್ಣ.

ಮಾತು ಪೂರ್ತಿ ಆ ಸೀಮೆಯದೇ, ವ್ಯಾಕರಣಕ್ಕೆ ಹೆದರಿ ತಿದ್ದಿಕೊಂಡದ್ದಲ್ಲ. ಇನ್ನೂ ಸೂಕ್ಷ್ಮವಾದದ್ದು ಪಾತ್ರಗಳನ್ನು ಕರೆಯುವ ರೀತಿ. ಬಸಣ್ಣ, ಗುರ್ಯಾ, ನಿಂಗಿ, ಶಾರಿ ಎಂದು ಊರಿನ ಉಳಿದವರಿಗೆ ಹೆಸರಿದೆ. ಗೌಡ ಗೌಡನೇ, ಅವನ ಹೆಂಡತಿ ಗೌಡತಿಯೇ. ಊರಲ್ಲಿ ಅವನನ್ನು ಹೆಸರು ಹಿಡಿದು ಕೂಗುವ ಧೈರ್ಯ ಯಾರಿಗಿದ್ದೀತು? ಹಾಗೆ ನೋಡಿದರೆ ಅವನ ಗುರುತು ಕೈಯಲ್ಲಿರುವ ಬಂದೂಕು. ಮಂದಿಯನ್ನು ನಡುಗಿಸುವ ಅದೇ ಗೌಡನಿಗೆ ಹೆಂಡತಿಯ ಮಡಿಲು ತುಂಬುವ ಶಕ್ತಿಯಿಲ್ಲ. ಊರ ಮಂದಿ ದೆವ್ವದ ಹೊಲವೆಂದು ದೂರವಿಡುವ ನೆಲದಲ್ಲಿ ಬೆವರು ಸುರಿಸುವವನು ಬಸಣ್ಣ. ಹೊಲ ನನ್ನದೆಂದು ಎದುರು ನಿಂತು ಹೇಳುವವನೂ ಅವನೇ. ಬಂಜೆತನ ಯಾರದು, ಬಿತ್ತನೆಯ ಹಕ್ಕು ಯಾರದು ಎಂಬ ಪ್ರಶ್ನೆ ಹೊಲಕ್ಕೂ ಹೆಣ್ಣಿಗೂ ಒಟ್ಟಿಗೇ ತಾಗುತ್ತದೆ. ಹೆಣ್ಣನ್ನು ಹೊಲಕ್ಕೆ ಸಮ ಮಾಡಿದ್ದು ಇಂದಿನ ಓದಿಗೆ ಕಿರಿಕಿರಿ ಎನಿಸಬಹುದು. ಆದರೆ ನಾಟಕದಲ್ಲಿ ತಾನೇ ಹೆಜ್ಜೆ ಇಟ್ಟು ಹೊಲಕ್ಕೆ ಬರುವವಳು ಗೌಡತಿ.

ಕೊನೆಗೆ ಬಸಣ್ಣ ಜೋಕುಮಾರನ ಹಾಗೆಯೇ ಕೊಲೆಯಾಗುತ್ತಾನೆ. ಗೌಡತಿಯ ಬಸಿರಲ್ಲಿ ಅವನ ಕೂಸು ಉಳಿಯುತ್ತದೆ.

ನಿರ್ದೇಶಕ ಬಿ.ವಿ. ಕಾರಂತರು ಈ ನಾಟಕವನ್ನು ಬೆಂಗಳೂರಿನಲ್ಲಿ ರಂಗಕ್ಕೆ ತಂದದ್ದು 1972ರಲ್ಲಿ, ದೇವರಾಜ ಅರಸು ಮುಖ್ಯಮಂತ್ರಿಯಾದ ವರ್ಷ. ಭೂಸುಧಾರಣೆಯ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅಲ್ಲಿಂದ ಮುಂದೆ ಗೇಣಿದಾರರು, ಬಸಣ್ಣನ ಹಾಗೆಯೇ, ಉಳುವ ಹೊಲ ನಮ್ಮದೆಂದು ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಯ ಬಾಗಿಲಿಗೆ ಬರತೊಡಗಿದರು.