ಕಬ್ಬಿಣದ ಗಾಲಿಯಿಂದ ರಬ್ಬರ್ ಟಯರಿಗೆ

ಮುಂಗಾರಿಗೆ ಮುಂಚೆ ಟ್ರಾಕ್ಟರಿನ ಹಿಂದಿನ ಟಯರ್ ಬದಲಿಸಬೇಕು ಅಂತ ನಮ್ಮ ಸುತ್ತಮುತ್ತ ನಾಕೈದು ಜನ ಓಡಾಡ್ತಿದ್ದಾರೆ. ಯಾವುದು ಒಳ್ಳೇದು ಅಂತ ನನ್ನನ್ನೂ ಕೇಳಿದ್ರು. ಕಂಪನಿ ಹೆಸರು ಹೇಳೋದಕ್ಕಿಂತ ಈ ಗಾಲಿ ಬಂದ ದಾರಿ ಹೇಳಿದ್ರೆ ಹೆಚ್ಚು ಉಪಯೋಗ ಅನ್ನಿಸ್ತು.

ನೂರು ವರ್ಷದ ಹಿಂದೆ ಅಮೆರಿಕದ ಟ್ರಾಕ್ಟರುಗಳಿಗೆ ಇದ್ದದ್ದು ಕಬ್ಬಿಣದ ಗಾಲಿ, ಸುತ್ತಲೂ ಉಕ್ಕಿನ ಹಲ್ಲು. ಹಲ್ಲು ಮಣ್ಣು ಕಚ್ಚಿ ಎಳೆಯುತ್ತಿತ್ತು ನಿಜ. ಆದರೆ ಕೂತವನ ಸೊಂಟ ಮುರಿಯೋದು, ರಸ್ತೆಗೆ ಹತ್ತಿಸಿದ್ರೆ ರಸ್ತೆ ಹಾಳು. ಫ್ಲೋರಿಡಾದ ಕಿತ್ತಳೆ ತೋಟಗಳಲ್ಲಿ ಗಿಡದ ಬೇರನ್ನೇ ಕತ್ತರಿಸುತ್ತಿತ್ತು. ಅಲ್ಲಿನ ಬೆಳೆಗಾರರು ಹಳೇ ಟಯರುಗಳನ್ನು ಕಬ್ಬಿಣದ ಗಾಲಿಗೆ ತೊಡಿಸಿ, ಗಾಳಿ ಇಲ್ಲದೆಯೇ ಓಡಿಸಿದ್ರು. ಕಂಪನಿಗಳಿಗಿಂತ ಮೊದಲು ರೈತರ ತಲೆ ಓಡಿತ್ತು.

1932ರಲ್ಲಿ ಆಲಿಸ್-ಚಾಲ್ಮರ್ಸ್ ಕಂಪನಿ ತನ್ನ ಮಾಡೆಲ್ ಯು ಟ್ರಾಕ್ಟರಿಗೆ ಗಾಳಿ ತುಂಬಿದ ಟಯರ್ ಕೊಟ್ಟಿತು. ಮೊದಲು ಲಾರಿ ಟಯರ್ ಹಾಕಿ ನೋಡಿದ್ರು. ಬಿಗಿ ಗಾಳಿಯ ಆ ಟಯರ್ ಹೊಲದಲ್ಲಿ ಸರಿಹೋಗಲಿಲ್ಲ. ಆಮೇಲೆ ಫೈರ್‌ಸ್ಟೋನ್‌ನ ವಿಮಾನದ ಟಯರ್ ತಂದು, ಕಡಿಮೆ ಗಾಳಿಯಲ್ಲಿ ಓಡಿಸಿದಾಗ ಮಣ್ಣಿನ ಮೇಲೆ ಅಗಲವಾಗಿ ಕೂತು ಹಿಡಿತ ಬಂತು.

ಆದರೂ ಬಹಳ ರೈತರಿಗೆ ನಂಬಿಕೆ ಬರಲಿಲ್ಲ. 1933ರಲ್ಲಿ ರೇಸ್ ಚಾಲಕ ಬಾರ್ನಿ ಓಲ್ಡ್‌ಫೀಲ್ಡ್ ಅದೇ ಮಾಡೆಲನ್ನು ಗಂಟೆಗೆ 64 ಮೈಲಿ, ಅಂದ್ರೆ 100 ಕಿಲೋಮೀಟರಿಗೂ ಮೀರಿ ಓಡಿಸಿದ. ಅದು ಪ್ರಚಾರ. ರೈತರನ್ನು ಗೆದ್ದಿದ್ದು ಉಳಿದ ಇಂಧನ, ಉಳಿದ ಸಮಯ. 1940ರ ಹೊತ್ತಿಗೆ ಅಲ್ಲಿನ ಹೊಸ ಟ್ರಾಕ್ಟರುಗಳಲ್ಲಿ ಹೆಚ್ಚಿನವು ರಬ್ಬರಿನ ಮೇಲೆ. 1942ರಲ್ಲಿ ಜಪಾನ್ ಮಲಯ ಹಿಡಿದು ರಬ್ಬರ್ ಸಿಗದಾದಾಗ ಕಬ್ಬಿಣ ಕೆಲಕಾಲ ವಾಪಸ್ ಬಂತು.

ನಮ್ಮಲ್ಲಿ ಕಬ್ಬಿಣ ಇನ್ನೂ ಹೋಗಿಲ್ಲ. ಭತ್ತದ ಗದ್ದೆಗೆ ಕೇಜ್ ವೀಲ್ ಹಾಕ್ತೀವಲ್ಲ, ಯಾಕೆ? ಕೆಸರಲ್ಲಿ ರಬ್ಬರಿನ ಹಲ್ಲುಗಳ ನಡುವೆ ಮಣ್ಣು ತುಂಬಿ ಟಯರ್ ನುಣ್ಣಗಾಗಿ ಜಾರುತ್ತೆ. ಕೇಜ್ ವೀಲಿನ ಪಟ್ಟಿಗಳ ಮಧ್ಯೆ ಕೆಸರು ನಿಲ್ಲಲ್ಲ. ಅದನ್ನೇ ಡಾಂಬರ್ ಮೇಲೆ ಓಡಿಸಿದ್ರೆ ನೂರು ವರ್ಷದ ಹಿಂದಿನದೇ ಜಗಳ.

ಆದ್ದರಿಂದ ಮೊದಲು ನೆಲ ನೋಡಿ. ವರ್ಷದಲ್ಲಿ ಹೆಚ್ಚು ದಿನ ಟ್ರೇಲರ್ ಎಳೆದು ರಸ್ತೆಯಲ್ಲೇ ದುಡಿಯೋ ಗಾಡಿಗೆ ಆಳದ ಹಲ್ಲು ದಂಡ, ಬೇಗ ಸವೆಯುತ್ತೆ. ಹಸಿ ಎರೆಮಣ್ಣಿಗೆ ಆಳದ ಹಲ್ಲೇ ಬೇಕು. ಬೆಳೆ ಸಾಲಿನ ಮಧ್ಯೆ ಕೆಲಸ ಇದ್ರೆ ಅಗಲ ಕಡಿಮೆ ಇರಲಿ.

ಎಲ್ಲಕ್ಕಿಂತ ಮುಖ್ಯ ಗಾಳಿ. ರಸ್ತೆಗೆ ತುಂಬಿಸಿದ ಗಾಳಿಯಲ್ಲೇ ಉಳೋಕೆ ಇಳಿಸಿದ್ರೆ, ಎಷ್ಟೇ ದುಬಾರಿ ಟಯರ್ ಇದ್ರೂ ಅದು 1932ರ ಆ ಲಾರಿ ಟಯರಿನ ಹಾಗೇ. ಚಕ್ರ ಜಾರುತ್ತೆ, ಡೀಸೆಲ್ ಸುಡುತ್ತೆ, ಮಣ್ಣು ಗಟ್ಟಿಯಾಗಿ ಮುಂದಿನ ಬೆಳೆಯ ಬೇರು ಕೆಳಗಿಳಿಯಲ್ಲ. ಹೊಸ ಟಯರಿಗೆ ದುಡ್ಡು ಹಾಕೋ ಮೊದಲು ಟ್ರಾಕ್ಟರ್ ಜೊತೆ ಕೊಟ್ಟ ಪುಸ್ತಕ ತೆಗೆದು, ಹೊಲಕ್ಕೆಷ್ಟು, ರಸ್ತೆಗೆಷ್ಟು ಗಾಳಿ ಅಂತ ನೋಡಿ, ಗೇಜ್ ಹಿಡಿದು ಒಂದು ಸಲ ಅಳೀರಿ. ನಿಮ್ಮ ಮಣ್ಣಿಗೆ ಎಷ್ಟು ಗಾಳಿ ಹೊಂದಿದೆ ಅಂತ ಇಲ್ಲೇ ಬರೀರಿ, ಅಕ್ಕಪಕ್ಕದವರಿಗೂ ಅನುಕೂಲ.