ಚಿತ್ರ ತೆಗೆದವರ ಹೆಸರುಂಟು, ನಿಂತವರದಿಲ್ಲ

ಬೇಲೂರಿನ ಚೆನ್ನಕೇಶವ ದೇಗುಲ 1117ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿನ ಮದನಿಕೆಯರ ಪೀಠಗಳತ್ತ ಕತ್ತೆತ್ತಿ ನೋಡಿದರೆ ಅಲ್ಲಲ್ಲಿ ಅಕ್ಷರಗಳು ಕಾಣುತ್ತವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ಹೆಸರು, ಊರು, ಬಿರುದುಗಳನ್ನು ಕೊರೆದಿಟ್ಟು ಹೋಗಿದ್ದಾರೆ. ಆದರೆ ಕನ್ನಡಿ ಹಿಡಿದು ನಿಂತ ಚೆಲುವೆ ಯಾರು? ರಾಣಿ ಶಾಂತಲೆಯೇ ಎಂದು ಗೈಡುಗಳು ಹೇಳುವುದುಂಟು. ಅದಕ್ಕೆ ಶಾಸನದ ಆಧಾರವಿಲ್ಲ. ಪೂರ್ವದ ಬಾಗಿಲ ಪಕ್ಕದ ಜಾಲಂಧ್ರದಲ್ಲಿ ಒಡ್ಡೋಲಗ ನಡೆಸುತ್ತಿರುವ ವಿಷ್ಣುವರ್ಧನನದು ಬೇರೆ ಮಾತು. ಕಟ್ಟಿಸಿದವನೇ ಅವನು, ಅವನನ್ನು ಕೇಳದೆ ಉಳಿ ಆಡಿಸುವವರುಂಟೇ?

ಕಲ್ಲಿನ ಕಾಲದಲ್ಲಿ ಇದು ಕುತೂಹಲದ ಸಂಗತಿಯಷ್ಟೇ. ಕ್ಯಾಮೆರಾ ಬಂದ ಮೇಲೆ ತಕರಾರಾಯಿತು.

1850ರ ದಶಕದಲ್ಲಿ ವೈದ್ಯರಾಗಿದ್ದ ಪಿಗೂ ಮತ್ತು ನೀಲ್ ಮೈಸೂರು ಸೀಮೆಯ ದೇಗುಲಗಳ ಛಾಯಾಚಿತ್ರ ತೆಗೆದರು. ಬೇಲೂರು, ಹಳೇಬೀಡುಗಳೂ ಅದರಲ್ಲಿದ್ದವು. ಸೇನಾಧಿಕಾರಿ ಬಿಗ್ಸ್ ತೆಗೆದ ಚಿತ್ರಗಳೂ ಸೇರಿ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಅವರ ಬರಹದೊಡನೆ 1866ರಲ್ಲಿ ಲಂಡನ್ನಿನಲ್ಲಿ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ಗ್ರಂಥ ಹೊರಬಂತು. ಆ ಕಾಲದ ಛಾಯಾಗ್ರಾಹಕರಲ್ಲಿ ಒಂದು ರೂಢಿಯಿತ್ತು. ಕಟ್ಟಡದ ಎತ್ತರ ಓದುಗರಿಗೆ ತಿಳಿಯಲೆಂದು ಊರಿನವರೊಬ್ಬರನ್ನು ಕಂಬದ ಪಕ್ಕ ನಿಲ್ಲಿಸುತ್ತಿದ್ದರು. ಮನುಷ್ಯ ಅಲ್ಲಿ ಅಳತೆಗೋಲು. ಅವನ ಹೆಸರು ಯಾರಿಗೂ ಬೇಕಿರಲಿಲ್ಲ.

ಇದಕ್ಕಿಂತ ಕಟುವಾದದ್ದು 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’. ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಸಂಪಾದಿಸಿದ ಈ ಗ್ರಂಥದಲ್ಲಿ ಭಾರತೀಯರ ಮುಖಗಳಿಗೆ ಜಾತಿ, ಬುಡಕಟ್ಟಿನ ಚೀಟಿ ಅಂಟಿಸಲಾಗಿತ್ತು. 1869ರಲ್ಲಿ ಲಂಡನ್ನಿಗೆ ಹೋಗಿದ್ದ ಸಯ್ಯದ್ ಅಹ್ಮದ್ ಖಾನರು ಅದನ್ನು ನೋಡಿ ನೊಂದುಕೊಂಡರು. ತಮ್ಮ ದೇಶದವರನ್ನು ಅಲ್ಲಿ ತೋರಿಸಿದ್ದ ರೀತಿ ಅವರಿಗೆ ಅವಮಾನವೆನಿಸಿತ್ತು.

ಅಮೆರಿಕದಲ್ಲಿ ಪ್ರಶ್ನೆ ಕೋರ್ಟಿಗೇ ಹೋಯಿತು. ಅಬಿಗೇಲ್ ರಾಬರ್ಸನ್ ಎಂಬ ಹುಡುಗಿಯ ಚಿತ್ರವನ್ನು ಕೇಳದೆ ಹಿಟ್ಟಿನ ಜಾಹೀರಾತಿಗೆ ಹಾಕಿ, ಸುಮಾರು 25,000 ಪ್ರತಿ ಅಚ್ಚು ಹಾಕಿಸಿದ್ದರು. 1902ರಲ್ಲಿ ನ್ಯೂಯಾರ್ಕಿನ ಉಚ್ಚ ನ್ಯಾಯಪೀಠ ಅವಳ ವಿರುದ್ಧ ತೀರ್ಪಿತ್ತಿತು. ನಾಲ್ವರು ಆ ಕಡೆ, ಮೂವರು ಈ ಕಡೆ. ಜನ ಸಿಡಿದೆದ್ದರು; ಮರುವರ್ಷವೇ ಅಲ್ಲಿನ ಶಾಸಕಾಂಗ, ಲಿಖಿತ ಒಪ್ಪಿಗೆಯಿಲ್ಲದೆ ಯಾರ ಚಿತ್ರವನ್ನೂ ಜಾಹೀರಾತಿಗೆ ಬಳಸಬಾರದೆಂದು ಕಾಯಿದೆ ಮಾಡಿತು.

ನಮ್ಮಲ್ಲಿ ಇದಕ್ಕೆ ಬುನಾದಿ ಹಾಕಿದವರು ಕನ್ನಡ ನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಅವರಿಗೆ 80 ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳ ಜಾರಿಗೆ ಅಲ್ಲಿಂದ 18 ತಿಂಗಳ ಗಡುವು.

ಇದು ಯಾರನ್ನು ಮುಟ್ಟುತ್ತದೆ? ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿಗೆ ಪ್ರವಾಸ ಬಂದ ವಿದ್ಯಾರ್ಥಿನಿಯೊಬ್ಬಳ ಚಿತ್ರ ಮರುವರ್ಷ ವಿಶ್ವವಿದ್ಯಾಲಯದ ಪ್ರಚಾರ ಪುಸ್ತಿಕೆಯ ಮುಖಪುಟಕ್ಕೆ ಬಂತೆನ್ನಿ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಈ ಹಿನ್ನೆಲೆಗೆ ಬೆಲೆ ಹೆಚ್ಚಿದೆ. ಹುಡುಗಿಗೆ ಹೆಮ್ಮೆಯೂ ಆಗಬಹುದು. ಮನೆಯಲ್ಲಿ ಹೇಳದೆ ಬಂದವಳಾದರೆ, ಯಾರದೋ ಕಾಟ ತಪ್ಪಿಸಿಕೊಂಡು ಓದುತ್ತಿರುವವಳಾದರೆ ಅದೇ ಚಿತ್ರ ಅವಳ ವಿಳಾಸ ಬಿಟ್ಟುಕೊಟ್ಟಂತೆ. ಅವಳಿಗಷ್ಟೇ ಗೊತ್ತಿರುವ ಈ ಸಂಗತಿ ಪ್ರಚಾರ ವಿಭಾಗಕ್ಕೆ ಕೇಳದೆ ತಿಳಿಯುವುದು ಹೇಗೆ?

ಒಪ್ಪಿಗೆ ಸ್ವಇಚ್ಛೆಯದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು, ಯಾವ ಉದ್ದೇಶಕ್ಕೆಂದು ಸ್ಪಷ್ಟವಿರಬೇಕು ಎನ್ನುತ್ತದೆ ಕಾಯಿದೆ. ಪ್ರವೇಶ ಅರ್ಜಿಯ ಕೊನೆಯ ಸಾಲಿನಲ್ಲಿ ತುರುಕಿದ ಒಪ್ಪಿಗೆ ಈ ಒರೆಗೆ ನಿಲ್ಲುವುದು ಕಷ್ಟ. 18 ತುಂಬದವರಿಗೆ ತಂದೆತಾಯಿ ಅಥವಾ ಪೋಷಕರು ಒಪ್ಪಬೇಕು. ಮೊದಲ ವರ್ಷದ ಪದವಿ ತರಗತಿಯಲ್ಲಿ 17ರವರೂ ಇರುತ್ತಾರೆ ಎಂಬುದು ಎಷ್ಟೋ ಸಲ ಮರೆತುಹೋಗುತ್ತದೆ. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಬಹುದು. ಆದರೆ ಅಚ್ಚಾಗಿ ಹಂಚಿಹೋದ ಪುಸ್ತಿಕೆಯನ್ನು ಮನೆಮನೆಯಿಂದ ವಾಪಸು ತರುವುದು ಆಗದ ಮಾತು.

ಒಪ್ಪಿಗೆ ಕೇಳುವ ಪತ್ರ ಇಂಗ್ಲಿಷಿನಲ್ಲಿದ್ದರೆ, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಅದನ್ನು ಪಡೆಯುವ ಆಯ್ಕೆ ಇರಬೇಕು. ಅರಸೀಕೆರೆಯ ಪೋಷಕರು ಅದನ್ನು ಕನ್ನಡದಲ್ಲೇ ಕೇಳಿ ಪಡೆಯಬಹುದು.